ಬುಕ್ಕರಾಯನ ಸಮಯಸಂಧಿಯೂ ಅದರ ಮೇಲ್ವಿಚಾರಣೆಯೂ

ಕನಕಗಿರಿಗೆ ಸಮೀಪದ ಆನೆಗೊಂದಿಯು ವಿಜಯನಗರದ ಚರಿತ್ರೆಯಲ್ಲಿ ಪ್ರಸಿದ್ಧವಾದ ಸ್ಥಳ. ಶ್ರವಣಬೆಳಗೊಳದಲ್ಲಿರುವ ಶಕ 1290ನೆಯ ಕೀಲಕ ಸಂವತ್ಸರದ, ಎಂದರೆ ಕ್ರಿ. ಶ. 1368ರ ಶಾಸನದಲ್ಲಿ, ಭಕ್ತರಿಂದ ತಮಗಾದ ಅನ್ಯಾಯವನ್ನು ಬುಕ್ಕರಾಯನಿಗೆ ಬಿನ್ನವಿಸಿಕೊಂಡ ಜೈನರ ಪಟ್ಟಣಗಳಲ್ಲಿ ಮೊದಲು ಹೇಳಿರುವುದು ಈ ಆನೆಗೊಂದಿಯನ್ನೇ. ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹಗಳು ಅನಂತರ ಬರುವುವು. ಕೊಪಣವೆಂಬ ಮಹಾತೀರ್ಥವುಳ್ಳ ಈ ಪ್ರಾಂತದ ಜೈನರಿಗೆ ಆ ವಿವಾದವು ದೂರದ ಮಾತಾಗಿರಲಿಲ್ಲ.

ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರ ಸಮಕ್ಷದಲ್ಲಿ ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯ ಮತ್ತು ಕಲಶಗಳು ಪೂರ್ವಮರ್ಯಾದೆಯಂತೆ ಜೈನರಿಗೆ ಸಲ್ಲಬೇಕೆಂದು ವಿಧಿಸಿದನು. ನಮ್ಮ ಪಾಠಶಾಲೆಗಳಲ್ಲಿ ಈ ಶಾಸನವನ್ನು ಬೋಧಿಸುವಾಗ ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲಿಸುವುದುಂಟು. ಮೀಮಾಂಸಕರ ಪರಿಭಾಷೆಯಲ್ಲಿ ಹೇಳುವುದಾದರೆ, ಕೈಯಲ್ಲಿ ಕೈಯಿಟ್ಟ ಪ್ರಸಂಗವು ಅರ್ಥವಾದಪ್ರಾಯವಾದುದು. ಕಾರ್ಯವನ್ನು ನಡೆಯಿಸತಕ್ಕ ವಿಧಿಭಾಗವು ಅದರ ಮುಂದಿರುವುದು.

ಆ ವಿಧಿಗಳಾವುವೆಂದರೆ: ರಾಜ್ಯದ ಬಸದಿಗಳಲ್ಲೆಲ್ಲಾ ಈ ಶಾಸನವನ್ನು ನಿಲ್ಲಿಸತಕ್ಕದ್ದು. ಜೈನರ ಮನೆಯೊಂದಕ್ಕೆ ವರ್ಷಕ್ಕೊಂದು ಹಣದಂತೆ ಎತ್ತಿ, ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸತಕ್ಕದ್ದು. ಮಿಕ್ಕ ಹಣದಿಂದ ಜೀರ್ಣ ಜಿನಾಲಯಗಳನ್ನು ಸರಿಪಡಿಸಿ ಸುಣ್ಣ ಬಳಿಯಿಸತಕ್ಕದ್ದು. ತಪ್ಪಿದವನು ರಾಜನಿಗೂ ಸಂಘಸಮುದಾಯಗಳಿಗೂ ದ್ರೋಹಿಯೆನಿಸುವನು. ಇಲ್ಲಿ ಹೊಣೆಗಾರನಾರು, ಹಣವೆಲ್ಲಿಂದ ಬರುವುದು, ಕೆಲಸವೇನು, ತಪ್ಪಿದರೆ ಗತಿಯೇನು ಎಂಬ ನಾಲ್ಕೂ ನಿರ್ಣೀತವಾಗಿವೆ. ಬಿಳುಪಾದ ಗೋಡೆಯನ್ನೂ ಇಪ್ಪತ್ತು ಮಂದಿ ಆಳುಗಳನ್ನೂ ಯಾರಾದರೂ ಕಣ್ಣಾರೆ ಕಂಡು ಎಣಿಸಬಹುದು. ಸೌಹಾರ್ದವನ್ನು ಹಾಗೆ ಎಣಿಸಲಾಗದು. ಆದುದರಿಂದಲೇ ಶಾಸನವು ಅದನ್ನು ಕಾಣುವ ವಸ್ತುಗಳಲ್ಲಿ ಅಳೆಯುವಂತೆ ಮಾಡಿತು.

ಹಾಗೆಂದು ಈ ವ್ಯವಸ್ಥೆಯು ನಿರ್ದುಷ್ಟವೆನ್ನಲಾಗದು. ಅನ್ಯಾಯವನ್ನು ಹೇಳಿಕೊಂಡವರೇ ರಕ್ಷಣೆಯ ವೆಚ್ಚವನ್ನೂ ಹೊರಬೇಕಾಯಿತು. ಹಣದ ವಿನಿಯೋಗವು ಎದುರು ಪಕ್ಷದ ಗುರುವಿನ ಕೈಯಲ್ಲುಳಿಯಿತು. ಹಾನಿಮಾಡಬಲ್ಲವರನ್ನೇ ಕಾವಲಿಗೆ ಹೊಣೆಮಾಡುವುದು ರಾಜನೀತಿಯಲ್ಲಿ ಚತುರವಾದ ಉಪಾಯವೇ ಸರಿ. ಆದರೆ ಅದನ್ನು ಸಮಾನತೆಯೆಂದು ಕರೆಯುವುದು ಯುಕ್ತವಲ್ಲ.

ಇನ್ನು ಫಲವಿಚಾರ. 1386ರಲ್ಲಿ ಇರುಗಪ್ಪ ದಂಡನಾಥನು ವಿಜಯನಗರದಲ್ಲಿ ಕುಂಥುಜಿನನಾಥನ ಚೈತ್ಯಾಲಯವನ್ನು ಕಟ್ಟಿಸಿದನು. 1426ರಲ್ಲಿ ಇಮ್ಮಡಿ ದೇವರಾಯನು ಅಲ್ಲಿಯೇ ಪಾರ್ಶ್ವನಾಥ ಚೈತ್ಯಾಲಯವನ್ನು ಮಾಡಿಸಿದನು. ಇವನ್ನು ಸಂಧಿಯ ಸಾಫಲ್ಯಕ್ಕೆ ಪ್ರಮಾಣವಾಗಿ ಹೇಳುವವರುಂಟು. ಆದರೆ ರಾಜಧಾನಿಯಲ್ಲಿ ಮಂತ್ರಿಯೂ ಅರಸನೂ ಕಟ್ಟಿಸಿದ ಗುಡಿಗಳು ರಾಜಾಶ್ರಯಕ್ಕೆ ಸಾಕ್ಷಿಗಳೇ ಹೊರತು, ಹಳ್ಳಿಯ ಬಸದಿಗೆ ಸುಣ್ಣ ಬಿತ್ತೆಂಬುದಕ್ಕೆ ಸಾಕ್ಷಿಗಳಲ್ಲ.

ಇದಕ್ಕಿಂತ ಹತ್ತಿರದ ಸಾಕ್ಷಿಗಳು ಎರಡಿವೆ. ಇದೇ ಒಪ್ಪಂದದ ಶಾಸನವು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ದೊರೆತಿರುವುದರಿಂದ, ಕಲ್ಲು ನಿಲ್ಲಿಸಬೇಕೆಂಬ ವಿಧಿಯು ಬೆಳಗೊಳದಾಚೆಗೂ ನಡೆಯಿತೆಂದು ತಿಳಿಯುವುದು. ಎರಡನೆಯದಾಗಿ, ಬೆಳಗೊಳದ ಶಾಸನಕ್ಕೆ ಸೇರಿಸಿರುವ ಬರಹದ ಪ್ರಕಾರ, ಕಲ್ಲೇಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯು ಬುಕ್ಕರಾಯನಿಗೆ ಬಿನ್ನಹಮಾಡಿ, ತಾತಯ್ಯನನ್ನು ಕರೆಯಿಸಿ, ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದನು. ಉಭಯ ಸಮಯದವರೂ ಕೂಡಿ ಅವನಿಗೆ ಸಂಘನಾಯಕಪಟ್ಟವನ್ನು ಕಟ್ಟಿದರು. ಹಣ ಕೊಡುವ ಪಕ್ಷದವನು ಹೊಣೆ ಹೊತ್ತವನನ್ನು ಕರೆಯಿಸಿದುದು ಗಮನಾರ್ಹವಾದುದು. ಕಟ್ಟಳೆಯು ಶಿಥಿಲವಾಗುತ್ತಿದ್ದಿತೆಂದೂ, ಅದನ್ನು ನೋಡಿಕೊಳ್ಳುವವರಿದ್ದುದರಿಂದಲೇ ಮತ್ತೆ ನಿಂತಿತೆಂದೂ ಇದರಿಂದ ಊಹಿಸುವುದು ಅಸಂಗತವಾಗಲಾರದು.

ಆದಕಾರಣ ಅಧ್ಯಾಪಕರು ಬುಕ್ಕರಾಯನ ಔದಾರ್ಯವನ್ನು ಹೇಳುವಾಗ ಬುಸುವಿಸೆಟ್ಟಿಯ ಎಚ್ಚರವನ್ನೂ ಹೇಳುವುದು ಉಚಿತ. ಸಂಧಿಯನ್ನು ಮಾಡಿದವನು ಅರಸನಾದರೂ, ಅದನ್ನು ಮರಳಿ ನೋಡಿದವನು ಈ ಸೆಟ್ಟಿಯೇ.