ಒತ್ತದ ಕೀ ಒತ್ತಿದ್ದು ಯಾರು?

ಇವತ್ತಿನ ಕಥೆ ಶುರುವಾಗೋದು ನಮ್ಮ ಮನೆಯ ಊಟದ ಮೇಜಿನ ಮೇಲೆ. ಈ ಕಾರ್ಯಕ್ರಮದ ಬರಹ ಟೈಪ್ ಮಾಡೋಕೆ ಅಂತ ನಾನೇ ಬೆಸುಗೆ ಹಾಕಿ 40 ಕೀಗಳ ಒಂದು ಕೀಬೋರ್ಡ್ ಮಾಡಿದ್ದೆ. ಅದರಲ್ಲಿ 'ಭಾರತ' ಅಂತ ಬೇಗ ಹೊಡೆದರೆ, ಬೆರಳೇ ತಾಗದ ಎಚ್ ಕೀ ಕೂಡ ಒತ್ತಿದ ಹಾಗಾಗ್ತಿತ್ತು. ತಪ್ಪು ಹುಡುಕ್ತಾ ಹೋದವನು 1981ರ ಇಂಗ್ಲೆಂಡಿಗೆ ಬಂದು ನಿಂತೆ.

ಆ ವರ್ಷ ಮಾರ್ಚ್‌ನಲ್ಲಿ ಕ್ಲೈವ್ ಸಿಂಕ್ಲೇರ್ ಅವರ ಕೇಂಬ್ರಿಡ್ಜ್ ಕಂಪನಿ ಝಡ್‌ಎಕ್ಸ್81 ಅನ್ನೋ ಕಂಪ್ಯೂಟರ್ ತಂತು. ನೀವೇ ಜೋಡಿಸಿಕೊಳ್ಳೋ ಕಿಟ್ 49.95 ಪೌಂಡ್, ಜೋಡಿಸಿದ್ದು ಬೇಕಂದ್ರೆ 69.95. ಮೆಮೊರಿ ಬರೀ 1 ಕೆಬಿ. ಆ ಬೆಲೆಗೆ ಕೊಡಬೇಕಂದ್ರೆ ಪ್ರತಿ ತಂತಿಗೂ ಲೆಕ್ಕ ಹಾಕಲೇಬೇಕು.

ಅದರಲ್ಲೂ 40 ಕೀ. ಒಂದೊಂದಕ್ಕೆ ಒಂದೊಂದು ತಂತಿ, ಎಲ್ಲಕ್ಕೂ ಸೇರಿ ಇನ್ನೊಂದು ಅಂದ್ರೆ 41 ಆಗ್ತಿತ್ತು. ಅವರು 13ರಲ್ಲೇ ಮುಗಿಸಿದ್ರು! ಹೇಗೆ? ನಾನು ಬಿಕಾಂ ಓದಿದವನು, ನನಗೆ ಲೆಡ್ಜರ್ ಪುಟವೇ ನೆನಪಾಗೋದು. ಅಡ್ಡಕ್ಕೆ 8 ಗೆರೆ, ಉದ್ದಕ್ಕೆ 5 ಗೆರೆ, ಎರಡು ಕೂಡುವ ಕಡೆಯಲ್ಲೆಲ್ಲ ಒಂದು ಕೀ. ಎಂಟೈದ್ಲ ನಲವತ್ತು. ಒಳಗಿನ ಝಡ್80 ಪ್ರೊಸೆಸರ್ ಮೇಷ್ಟ್ರು ಹಾಜರಿ ಕರೆದ ಹಾಗೆ 8 ಗೆರೆಗಳನ್ನ ಒಂದೊಂದಾಗಿ ಕೇಳ್ತಾ ಹೋಗುತ್ತೆ. ಆ 5ರಲ್ಲಿ ಯಾವುದು ಉತ್ತರ ಕೊಡ್ತು ಅಂತ ನೋಡಿ ಕೀ ಗುರುತಿಸುತ್ತೆ. ಇದಕ್ಕೇ ಮ್ಯಾಟ್ರಿಕ್ಸ್ ಅನ್ನೋದು.

ನಾನೂ ಇದನ್ನೇ ಮಾಡಿದ್ದೆ. ಹಾಗಾದ್ರೆ ಎಚ್ ಎಲ್ಲಿಂದ ಬಂತು?

ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ 'ಭಾ' ಬೇಕಂದ್ರೆ ಶಿಫ್ಟ್ ಹಿಡಿದು ಬಿ, ಆಮೇಲೆ ಎ. ಅವಸರದಲ್ಲಿ ಬಿ ಮೇಲಿನ ಬೆರಳು ಎತ್ತೋ ಮೊದಲೇ ಎ ಒತ್ತಿರ್ತೀವಿ. ನನ್ನ ಕೀಬೋರ್ಡಿನಲ್ಲಿ ಶಿಫ್ಟ್ ಮತ್ತು ಬಿ ಒಂದೇ ಸಾಲು, ಶಿಫ್ಟ್ ಮತ್ತು ಎ ಒಂದೇ ಕಾಲಂ. ಚೌಕದ ಮೂರು ಮೂಲೆ ಒತ್ತಿದ ಹಾಗಾಯ್ತು. ಕರೆಂಟು ಆ ಮೂರು ಸ್ವಿಚ್ ಸುತ್ತಿ ನಾಲ್ಕನೇ ಮೂಲೆಗೂ ದಾರಿ ಮಾಡಿಕೊಳ್ಳುತ್ತೆ. ಆ ಮೂಲೆಯಲ್ಲಿದ್ದದ್ದೇ ಎಚ್. ಇಂಥದ್ದನ್ನ ಗೋಸ್ಟಿಂಗ್ ಅಂತಾರೆ, ದೆವ್ವದ ಕೀ ಅನ್ನಿ.

ಇದಕ್ಕೆ ಮದ್ದು ಡಯೋಡ್. ಕರೆಂಟನ್ನ ಒಂದೇ ದಿಕ್ಕಿಗೆ ಬಿಡುತ್ತೆ, ವಾಪಸ್ ಬರೋಕೆ ಬಿಡಲ್ಲ. ಝಡ್‌ಎಕ್ಸ್81ರಲ್ಲಿ ಕೀಗೊಂದು ಡಯೋಡ್ ಇರಲಿಲ್ಲ. ಅಲ್ಲಿ ಶಿಫ್ಟ್ ಜೊತೆ ಒಂದು ಕೀ ಒತ್ತಿದ್ರೆ ಸಾಕಿತ್ತು, ಚಪ್ಪಟೆ ಪ್ಲಾಸ್ಟಿಕ್ ಹಾಳೆ ಮೇಲೆ ಯಾರೂ ಸರಸರ ಟೈಪ್ ಮಾಡ್ತಿರಲಿಲ್ಲ. ಅವರ ಉಳಿತಾಯಕ್ಕೆ ಒಂದು ಲೆಕ್ಕ ಇತ್ತು. ನಾನು ಲೆಕ್ಕ ಬಿಟ್ಟು ಉಳಿತಾಯ ಮಾತ್ರ ಕಾಪಿ ಹೊಡೆದಿದ್ದೆ.

ಕೊನೆಗೆ ಒಂದು ಭಾನುವಾರ ಕೂತು 1ಎನ್4148 ಅನ್ನೋ ಡಯೋಡ್‌ಗಳನ್ನ 40 ಕೀಗೂ ಹಾಕಿದೆ. ಎರಡನ್ನ ತಿರುಗಾಮುರುಗಾ ಹಾಕಿದ್ದೆ, ಆ ಎರಡು ಕೀ ಬಾಯೇ ಬಿಡಲಿಲ್ಲ. ಕಪ್ಪು ಪಟ್ಟಿ ಯಾವ ಕಡೆ ಅಂತ ನೋಡ್ಕೊಳ್ಳಿ, ಮರೀಬೇಡಿ.

ಈ ಸಂಚಿಕೆಯ ಬರಹ ಅದೇ ಕೀಬೋರ್ಡಲ್ಲಿ ಹೊಡೆದದ್ದು. 'ಭಾರತ' ಈಗ ಸರಿಯಾಗಿ ಬರ್ತಿದೆ. ಮುಂದಿನ ವಾರ ಸಿಗೋಣ.