ಹದಿನಾಲ್ಕು ಹಾಡುಗಳ ಲೆಕ್ಕ

1963ರ ನವೆಂಬರ್ 22ರಂದು ಬ್ರಿಟನ್ನಿನಲ್ಲಿ ಬೀಟಲ್ಸ್ ತಂಡದ ಎರಡನೆಯ ಆಲ್ಬಮ್ ‘ವಿತ್ ದ ಬೀಟಲ್ಸ್’ ಬಿಡುಗಡೆಯಾಯಿತು. ಅದೇ ದಿನ ಅಮೆರಿಕದ ಡಲ್ಲಾಸಿನಲ್ಲಿ ಅಧ್ಯಕ್ಷ ಕೆನಡಿ ಗುಂಡಿಗೆ ಬಲಿಯಾದರು. ಕೆಲವೇ ದಿನಗಳಲ್ಲಿ ಈ ಪ್ಲೇಟು ಮಾರಾಟದ ಪಟ್ಟಿಯ ತುದಿಗೇರಿತು. ಅದು ಅಲ್ಲಿಂದ ಕೆಳಗಿಳಿಸಿದ್ದು ಅದೇ ತಂಡದ ಮೊದಲ ಆಲ್ಬಮ್ಮನ್ನು! ಅಣ್ಣ 30 ವಾರ, ತಮ್ಮ 21 ವಾರ. ಒಟ್ಟು 51 ವಾರ ಮೊದಲ ಸ್ಥಾನ ಒಂದೇ ಮನೆಯಲ್ಲಿತ್ತು. ಬ್ರಿಟನ್ನಿನಲ್ಲೇ 10 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು.

ನಾನು ಸಂಗೀತ ಬಲ್ಲವನಲ್ಲ, ಲೆಕ್ಕಪರಿಶೋಧಕ. ಇಂಗ್ಲೆಂಡಿಗೆ ಬಂದ ಹೊಸತರಲ್ಲಿ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಈ ಪ್ಲೇಟು ಸಿಕ್ಕಾಗ, ಕೇಳುವ ಮೊದಲು ಅದರ ಲೇಬಲ್ಲನ್ನು ಲೆಡ್ಜರಿನಂತೆ ಓದಿದೆ. ಹಾಡುಗಳು 14. ಅವುಗಳಲ್ಲಿ 7 ಲೆನನ್ ಮತ್ತು ಮೆಕಾರ್ಟ್ನಿಯವು, ಒಂದು ಹ್ಯಾರಿಸನ್‌ನದು. ಉಳಿದ 6 ಬೇರೆಯವರು ಬರೆದವು. ಅದರಲ್ಲಿ ಮೂರು ಡೆಟ್ರಾಯಿಟಿನ ಮೋಟೌನ್ ಕಂಪನಿಯ ಹಾಡುಗಳು.

ಹಾಡಿಗೆ ಎರಡು ಆದಾಯ: ಹಾಡಿದವರಿಗೆ ಒಂದು, ಬರೆದವರಿಗೆ ಇನ್ನೊಂದು. 1962ರ ಕರಾರಿನಂತೆ, ಎರಡು ಹಾಡಿನ ಒಂದು ಪ್ಲೇಟು ಮಾರಿದರೆ ರೆಕಾರ್ಡ್ ಕಂಪನಿ ಇಎಂಐ ತಂಡಕ್ಕೆ ಕೊಡುತ್ತಿದ್ದುದು ಒಂದು ಪೆನ್ನಿ. ನಾಲ್ವರಲ್ಲಿ ಹಂಚಿದರೆ ತಲೆಗೆ ಒಂದು ಫಾರ್ದಿಂಗ್. ತಮಾಷೆಯೆಂದರೆ, ಫಾರ್ದಿಂಗ್ ನಾಣ್ಯದ ಚಲಾವಣೆ 1960ರ ಕೊನೆಗೇ ನಿಂತುಹೋಗಿತ್ತು! ಅದರಲ್ಲೂ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೈನ್‌ಗೆ ಪಾಲಿತ್ತು.

ಬರೆದವರ ಆದಾಯವೇ ದೊಡ್ಡದು. ‘ಐ ವಾನ ಬಿ ಯುವರ್ ಮ್ಯಾನ್’ ಹಾಡನ್ನು ಲೆನನ್, ಮೆಕಾರ್ಟ್ನಿ ಇಬ್ಬರೂ ರೋಲಿಂಗ್ ಸ್ಟೋನ್ಸ್ ತಂಡಕ್ಕೂ ಕೊಟ್ಟರು. ಎದುರಾಳಿಯ ಪ್ಲೇಟು ಮಾರಿದರೂ ಇವರ ಖಾತೆಗೆ ಜಮಾ. ಆದರೆ ಆ ಖಾತೆಯ ಯಜಮಾನರು ಯಾರು? 1963ರ ಫೆಬ್ರವರಿಯಲ್ಲಿ ‘ನಾರ್ದರ್ನ್ ಸಾಂಗ್ಸ್’ ಎಂಬ ಕಂಪನಿ ಹುಟ್ಟಿತು. ಪ್ರಕಾಶಕ ಡಿಕ್ ಜೇಮ್ಸ್ ಮತ್ತು ಪಾಲುದಾರನಿಗೆ ಅರ್ಧ ಷೇರು; ಲೆನನ್, ಮೆಕಾರ್ಟ್ನಿಗೆ ತಲಾ ಶೇಕಡ 20; ಎಪ್‌ಸ್ಟೈನ್‌ಗೆ 10. ಸಹಿ ಹಾಕಿದಾಗ ಲೆನನ್‌ಗೆ 22 ವರ್ಷ, ಮೆಕಾರ್ಟ್ನಿಗೆ 20.

1965ರಲ್ಲಿ ಕಂಪನಿಯ ಷೇರುಗಳು ಲಂಡನ್ ಪೇಟೆಗೆ ಬಂದವು. 1969ರಲ್ಲಿ ಜೇಮ್ಸ್ ತನ್ನ ಪಾಲನ್ನು ಎಟಿವಿ ಸಂಸ್ಥೆಗೆ ಮಾರಿದ. ಹಾಡು ಬರೆದವರು ಹಿಡಿತಕ್ಕಾಗಿ ಹೋರಾಡಿ ಸೋತರು; ಕೊನೆಗೆ ತಮ್ಮ ಷೇರುಗಳನ್ನೂ ಮಾರಿಬಿಟ್ಟರು. 1985ರಲ್ಲಿ ಆ ಭಂಡಾರವನ್ನು ಮೈಕೆಲ್ ಜಾಕ್ಸನ್ ಕೊಂಡುಕೊಂಡ. 2017ರಲ್ಲಿ, 74ರ ವಯಸ್ಸಿನಲ್ಲಿ, ಮೆಕಾರ್ಟ್ನಿ ತನ್ನ ಹಾಡುಗಳ ಹಕ್ಕಿಗಾಗಿ ಅಮೆರಿಕದ ನ್ಯಾಯಾಲಯದ ಮೆಟ್ಟಿಲೇರಿದ. ಅದು ರಾಜಿಯಲ್ಲಿ ಮುಗಿಯಿತು.

ಆ ಹುಡುಗರು ಮೋಸಹೋದರು ಎಂದು ನಾನು ಸುಲಭವಾಗಿ ಹೇಳಲಾರೆ. ಆ ಕಾಲದ ವಾಡಿಕೆಯೇ ಹಾಗಿತ್ತು. ಬೇರೆ ದಾರಿ ತೋರಿಸುವವರು ಹತ್ತಿರವಿರಲಿಲ್ಲ. ಆದರೆ ಇಂದಿಗೂ ಹೊಸದಾಗಿ ಕಸುಬು ಹಿಡಿದ ಹುಡುಗರು ನನ್ನ ಬಳಿ ಲೆಕ್ಕ ತಂದಾಗ, ವ್ಯಾಪಾರ ಎಷ್ಟಾಯಿತು ಎಂದು ಕೇಳುವ ಮೊದಲು, ‘ಕರಾರುಪತ್ರ ಎಲ್ಲಿ, ತೋರಿಸಪ್ಪ’ ಎನ್ನುತ್ತೇನೆ.