ಮಾಸ್ಕೋ: ಗೋಡೆಯಾಚೆಯ ಕೇರಿಗಳು

ಮಾಸ್ಕೋ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಕ್ರೆಮ್ಲಿನ್ ಕೋಟೆ, ಕೆಂಪು ಚೌಕ, ಈರುಳ್ಳಿಯಾಕಾರದ ಬಣ್ಣದ ಗುಮ್ಮಟಗಳು. ಆದರೆ ಆ ನಗರದ ಭೂಪಟವನ್ನು ಒಮ್ಮೆ ಹರಡಿ ನೋಡಿ. ಅಡ್ಡಕೊಯ್ದ ಮರದ ಕಾಂಡದಂತೆ ಉಂಗುರದ ಸುತ್ತ ಉಂಗುರ ಕಾಣಿಸುತ್ತದೆ. ಈ ಉಂಗುರಗಳೆಲ್ಲ ಒಂದು ಕಾಲಕ್ಕೆ ಗೋಡೆಗಳಾಗಿದ್ದವು. ಯಾರು ಒಳಗಿರಬೇಕು, ಯಾರು ಹೊರಗಿರಬೇಕು ಎಂಬುದನ್ನು ನಿರ್ಧರಿಸುತ್ತಿದ್ದುದು ಇವೇ. ಈ ತಿಂಗಳು ನಿಮ್ಮನ್ನು ಅರಮನೆಗೆ ಕರೆದೊಯ್ಯದೆ, ಗೋಡೆಯಾಚೆಯ ಕೇರಿಗಳಿಗೆ ಕರೆದೊಯ್ಯಬೇಕೆಂದಿದ್ದೇನೆ.

ವೃತ್ತಾಂತ ಗ್ರಂಥಗಳಲ್ಲಿ ಮಾಸ್ಕೋ ಹೆಸರು ಮೊದಲು ಕಾಣಿಸುವುದು 1147ರಲ್ಲಿ. ನಡುವಿನ ಕ್ರೆಮ್ಲಿನ್‌ಗೆ ಇಂದು ನಾವು ನೋಡುವ ಕೆಂಪು ಇಟ್ಟಿಗೆಯ ಗೋಡೆಗಳು ಎದ್ದದ್ದು 1485ರಿಂದ 1495ರ ನಡುವೆ. ಅವುಗಳನ್ನು ರೂಪಿಸಿದವರು ಇಟಲಿಯಿಂದ ಬಂದ ಶಿಲ್ಪಿಗಳು. 1491ರ ಸ್ಪಾಸ್ಕಯ ಗೋಪುರದ ಮೇಲೆ ಅದನ್ನು ಕಟ್ಟಿದ ಪಿಯೆತ್ರೊ ಅಂತೋನಿಯೊ ಸೊಲಾರಿಯ ಹೆಸರು ಲತೀನ್ ಭಾಷೆಯ ಶಾಸನದಲ್ಲಿದೆ. ಕೋಟೆಯ ಪೂರ್ವಕ್ಕಿದ್ದ ವರ್ತಕರ ಪೇಟೆ ಕಿತಾಯ್-ಗೋರೊದ್‌ಗೆ 1535-38ರಲ್ಲಿ ಗೋಡೆ ಬಂತು. ಅದನ್ನೂ ಸುತ್ತುವರಿದು 'ಬಿಳಿ ಪಟ್ಟಣ'ದ ಗೋಡೆ 1585ರಿಂದ 1593ರವರೆಗೆ ಎದ್ದಿತು. 1591ರಲ್ಲಿ ಕ್ರಿಮಿಯಾದ ಖಾನನ ಸೈನ್ಯ ನಗರದ ಬಾಗಿಲಿಗೇ ಬಂದುನಿಂತ ಬಳಿಕ, ಎಲ್ಲಕ್ಕೂ ಹೊರಗೆ ಮಣ್ಣು ಮತ್ತು ಮರದ ಮತ್ತೊಂದು ಸುತ್ತನ್ನು ಅವಸರವಸರವಾಗಿ ಕಟ್ಟಿದರು. ಅದರಿಂದಾಗಿ ಆ ಭಾಗಕ್ಕೆ 'ಮಣ್ಣಿನ ಪಟ್ಟಣ' ಎಂಬ ಹೆಸರಾಯಿತು.

ಈ ಗೋಡೆಗಳ ಅಂಚಿನಲ್ಲಿಯೂ ಅವುಗಳಾಚೆಗೂ ಹರಡಿಕೊಂಡಿದ್ದ ಕೇರಿಗಳನ್ನು ರಷ್ಯನ್ನರು 'ಸ್ಲೊಬೊದ' ಎಂದು ಕರೆದರು. ಸ್ವಾತಂತ್ರ್ಯ ಎಂಬರ್ಥದ ಪದದಿಂದಲೇ ಹುಟ್ಟಿದ ಮಾತು ಇದು. ಒಂದು ಕಸುಬಿನವರು ಒಂದೆಡೆ ನೆಲೆಸಿ, ಅರಮನೆಗೆ ನಿಗದಿತ ಸೇವೆ ಸಲ್ಲಿಸಿದರೆ ಬೇರೆ ಕೆಲವು ತೆರಿಗೆಗಳಿಂದ ಅವರಿಗೆ ಬಿಡುಗಡೆ ದೊರೆಯುತ್ತಿತ್ತು. ಮಾಸ್ಕ್ವಾ ನದಿಯಾಚೆಯ ಕದಾಶಿ ಕೇರಿಯವರು ಅರಮನೆಗೆ ನಾರುಬಟ್ಟೆ ನೇಯ್ದು ಕೊಡುತ್ತಿದ್ದರು. ನಗರದ ನೈರುತ್ಯದ ಖಾಮೊವ್ನಿಕಿಯವರೂ ನೇಕಾರರೇ. ಬ್ರೊನ್ನಯ ಬೀದಿ ಕವಚ ಮಾಡುವವರದು, ಪೊವಾರ್ಸ್ಕಯ ಅಡುಗೆಯವರದು. ಅದರ ಪಕ್ಕದ ಓಣಿಗಳಿಗೆ ರೊಟ್ಟಿಯ ಓಣಿ, ಮೇಜುಬಟ್ಟೆಯ ಓಣಿ ಎಂಬ ಅರ್ಥದ ಹೆಸರುಗಳು ಇಂದಿಗೂ ಇವೆ.

ಇವರಲ್ಲಿ ಕೆಲವರನ್ನು ಅಂಚಿಗೆ ಸರಿಸಿದ್ದಕ್ಕೆ ಕಾರಣಗಳಿದ್ದವು. ಮಾಸ್ಕೋ ಮರದ ಮನೆಗಳ ನಗರ. ಕುಂಬಾರನ ಆವಿಗೆಯಿಂದ, ಕಮ್ಮಾರನ ಕುಲುಮೆಯಿಂದ ಹಾರಿದ ಒಂದು ಕಿಡಿ ಸಾಕು, ಊರಿಗೆ ಊರೇ ಬೂದಿಯಾಗುತ್ತಿತ್ತು. ಆದ್ದರಿಂದ ಕುಂಬಾರರಿಗೆ ಯೌಜಾ ನದಿಯಾಚೆಯ ದಿಣ್ಣೆ, ಕಮ್ಮಾರರಿಗೆ ನೆಗ್ಲಿನ್ನಯ ಹೊಳೆಯ ದಡ. ಚರ್ಮ ಹದಮಾಡುವವರಿಗೆ ನೀರು ಬೇಕು, ಅವರ ಕಸುಬಿನ ನಾತ ಮಾತ್ರ ಯಾರಿಗೂ ಬೇಡ. ಅವರೂ ನದಿಯ ಅಂಚಿಗೇ ಹೋದರು. ಪಾತ್ರೆ, ಕತ್ತಿ, ಪಾದರಕ್ಷೆ ಎಲ್ಲವೂ ಊರಿಗೆ ಬೇಕು. ಮಾಡುವವರು ಮಾತ್ರ ದೂರವಿರಬೇಕು. ಈ ನೀತಿ ಎಲ್ಲ ದೇಶಗಳಿಗೂ ಪರಿಚಿತವಾದದ್ದೇ ಅಲ್ಲವೇ?

ಆದರೂ ಈ ಕೇರಿಗಳು ಅನಾಥವಾಗಿರಲಿಲ್ಲ. ಕೇರಿಯವರು ತಮ್ಮ ಹಿರಿಯನನ್ನು ತಾವೇ ಆರಿಸಿಕೊಳ್ಳುತ್ತಿದ್ದರು. ಸೇರಿ ಮಾತನಾಡಲು ಒಂದು ಮನೆ, ಸೇರಿ ಪ್ರಾರ್ಥಿಸಲು ಒಂದು ದೇವಾಲಯ ಇದ್ದವು. ಮಾಸ್ಕೋದಲ್ಲಿ ಸಂತ ನಿಕೊಲಾಸರ ದೇವಾಲಯಗಳು ಅನೇಕವಿದ್ದುದರಿಂದ, ಗುರುತಿಗಾಗಿ ಕೇರಿಯ ಹೆಸರನ್ನೂ ಸೇರಿಸಿ 'ನೇಕಾರಕೇರಿಯ ನಿಕೊಲಾಸ್', 'ದುಭಾಷಿಕೇರಿಯ ನಿಕೊಲಾಸ್' ಎಂದು ಕರೆದರು. ತ್ಸಾರ್ ದೊರೆಯ ಪ್ರಯಾಣಗಳಲ್ಲಿ ಗುಡಾರ ಹಾಕುತ್ತಿದ್ದ ಸೇವಕರನ್ನು 'ಬರಾಶಿ' ಎನ್ನುತ್ತಿದ್ದರು. ಅವರ ಕೇರಿಯಲ್ಲಿ ಪ್ರಭುವಿನ ಪುನರುತ್ಥಾನಕ್ಕೆ ಅರ್ಪಿತವಾದ ದೇವಾಲಯವಿತ್ತು. ಗುಡಾರದ ಕಸುಬಿನಿಂದಲೇ ಹೊಟ್ಟೆ ಹೊರೆದ ಸಂತ ಪೌಲರು ಆ ಕೇರಿಗೆ ಬಂದಿದ್ದರೆ ಅವರಿಗೆ ಅದು ಪರಕೀಯವೆನಿಸುತ್ತಿರಲಿಲ್ಲ.

ಕಸುಬುದಾರರ ನಂತರ ಬಂದವರು ಪರದೇಶಿಗಳು. ತಾತಾರರ ಸಾಮ್ರಾಜ್ಯದ ಕಡೆಗೆ ಹೋಗುವ ದಾರಿ ಒರ್ದಿಂಕಾ. ಅದರ ಬಳಿಯಲ್ಲೇ ದುಭಾಷಿಗಳ ಕೇರಿ ತೊಲ್ಮಾಚಿ. ತುಸು ದೂರದಲ್ಲಿ ತಾತಾರರ ಕೇರಿ. ಅಲ್ಲಿ 1823ರಲ್ಲಿ ಕಟ್ಟಿದ ಮಸೀದಿ ಇಂದಿಗೂ ಇದೆ. ಅರ್ಮೇನಿಯದವರಿಗೆ ಒಂದು ಓಣಿ. 17ನೇ ಶತಮಾನದ ಯುದ್ಧದ ಬಳಿಕ ಪೋಲೆಂಡ್-ಲಿಥುವೇನಿಯ ಪ್ರದೇಶಗಳಿಂದ ಬಂದವರಿಗೆ 1670ರ ದಶಕದಲ್ಲಿ ಮೆಶ್ಚಾನ್ಸ್ಕಯ ಎಂಬ ಕೇರಿ.

ಪಶ್ಚಿಮ ಯೂರೋಪಿನವರ ಕಥೆ ನಮ್ಮನ್ನು, ಅದರಲ್ಲೂ ನನ್ನಂತಹ ಗುರುಗಳನ್ನು, ಹೆಚ್ಚು ಕಾಡಬೇಕಾದದ್ದು. ಇವರೆಲ್ಲರಿಗೂ ರಷ್ಯನ್ನರು ಕೊಟ್ಟ ಹೆಸರು 'ನೇಮೆತ್ಸ್'. ಮೂಗ ಎಂಬ ಪದದಿಂದ ಬಂದ ಹೆಸರದು. ನಮ್ಮ ಭಾಷೆ ಬಾರದವನು ಮಾತೇ ಬಾರದವನು! ಕಾಲಕ್ರಮದಲ್ಲಿ ಅದು ಜರ್ಮನ್ನರಿಗೆ ನಿಂತಿತು. ಮೊದಲು ಇವರು ನಗರದೊಳಗೇ ಮನೆ ಕೊಂಡು ಬದುಕುತ್ತಿದ್ದರು. 1643ರಲ್ಲಿ ಮಾಸ್ಕೋದ ಕೆಲವು ಧರ್ಮಕೇಂದ್ರಗಳ ಆರ್ಥಡಾಕ್ಸ್ ಗುರುಗಳು ತ್ಸಾರ್‌ಗೆ ಮನವಿ ಸಲ್ಲಿಸಿದರು. ಅನ್ಯರು ನಮ್ಮ ವ್ಯಾಪ್ತಿಯ ನಿವೇಶನಗಳನ್ನು ಕೊಳ್ಳುತ್ತಿದ್ದಾರೆ, ನಮ್ಮ ಭಕ್ತರ ಸಂಖ್ಯೆ ಇಳಿಯುತ್ತಿದೆ ಎಂಬುದು ಅವರ ದೂರು. ನಗರದೊಳಗಿದ್ದ ಪ್ರೊಟೆಸ್ಟೆಂಟ್ ಪ್ರಾರ್ಥನಾಲಯಗಳು ನೆಲಸಮವಾದವು. ಕೊನೆಗೆ 1652ರಲ್ಲಿ ತ್ಸಾರ್ ಅಲೆಕ್ಸಿ ಮಿಖಾಯ್ಲೊವಿಚ್ ಹೊರಡಿಸಿದ ಆಜ್ಞೆಯಂತೆ, ಆರ್ಥಡಾಕ್ಸ್ ವಿಶ್ವಾಸಕ್ಕೆ ಸೇರದ ಪರದೇಶಿಗಳು ಮಣ್ಣಿನ ಪಟ್ಟಣದಾಚೆ, ಯೌಜಾ ದಡದ 'ನೇಮೆತ್ಸ್ಕಯ ಸ್ಲೊಬೊದ'ಕ್ಕೆ ಗಂಟುಮೂಟೆ ಕಟ್ಟಬೇಕಾಯಿತು. ಹೊರಗಿನವರ ಮೊದಲ ದೂರು ಅರಮನೆಯಿಂದಲ್ಲ, ಪೀಠದ ಬಳಿಯಿಂದ ಎದ್ದಿತು ಎಂಬುದನ್ನು ನಾವು ಮರೆಯಬಾರದು.

ಆ ಕೇರಿಯಲ್ಲಿ ನೆಲೆಸಿದ್ದವರಲ್ಲಿ ಪ್ಯಾಟ್ರಿಕ್ ಗಾರ್ಡನ್ ಒಬ್ಬರು. 1635ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಕಥೋಲಿಕರು. ತಾಯ್ನಾಡಿನಲ್ಲಿ ತಮ್ಮ ವಿಶ್ವಾಸಕ್ಕೆ ಎಡೆಯಿಲ್ಲದೆ ಯುವಕನಾಗಿಯೇ ದೇಶ ಬಿಟ್ಟವರು. 1661ರಲ್ಲಿ ರಷ್ಯಾದ ಸೇನೆ ಸೇರಿ ಜನರಲ್ ಆದವರು. ಕೇರಿಯಲ್ಲಿ ಲೂಥರನ್ನರಿಗೂ ಕಾಲ್ವಿನ್ ಪಂಥದವರಿಗೂ ಪ್ರಾರ್ಥನಾಲಯವಿತ್ತು, ಕಥೋಲಿಕರಿಗೆ ಮಾತ್ರ ಇರಲಿಲ್ಲ. 1680ರ ದಶಕದಲ್ಲಿ ಗಾರ್ಡನ್ ಈ ಹಕ್ಕಿಗಾಗಿ ಆಡಳಿತದ ಮುಂದೆ ಪಟ್ಟುಹಿಡಿದು ನಿಂತರು. ಯೇಸುಸಭೆಯ ಗುರುಗಳು ಬಂದರು. 1689ರಲ್ಲಿ ಅವರನ್ನು ಹೊರಗಟ್ಟಲಾಯಿತು. ಗಾರ್ಡನ್ ಕೈಬಿಡಲಿಲ್ಲ. ಯುವ ತ್ಸಾರ್ ಪೀಟರ್ ಇದೇ ಕೇರಿಯ ಮನೆಗಳಿಗೆ ಬಂದು ಊಟಕ್ಕೆ ಕುಳಿತರು, ಹಡಗು, ಸೈನ್ಯ, ಯೂರೋಪು ಎಂದರೇನೆಂಬುದನ್ನು ಇಲ್ಲಿ ಕಲಿತರು. ಜಿನೀವಾದ ಫ್ರಾನ್ಸ್ ಲೆಫೋರ್ಟ್ ಅವರ ಆಪ್ತಮಿತ್ರ. 1699ರಲ್ಲಿ ಗಾರ್ಡನ್ ಕಾಯಿಲೆ ಬಿದ್ದಾಗ ದೊರೆ ಮತ್ತೆ ಮತ್ತೆ ಬಂದು ನೋಡಿದರು. ಆ ವರ್ಷವೇ ತೀರಿಕೊಂಡ ಗಾರ್ಡನ್ನರಿಗೆ ಕೇರಿಯ ಕಥೋಲಿಕ ದೇವಾಲಯದಲ್ಲೇ ಸಮಾಧಿಯಾಯಿತು. ಹೊರಗಟ್ಟಿದವರ ಕೇರಿಯೇ ದೊರೆಗೆ ಪಾಠಶಾಲೆಯಾಯಿತು.

ಇಲ್ಲಿ ನಮ್ಮ ನಾಡಿನ ನೆನಪೊಂದು ಬರುತ್ತದೆ. ಗಾರ್ಡನ್ನರಿಗಿಂತ ಎರಡು ಶತಮಾನ ಹಿಂದೆ, 1470ರ ಸುಮಾರಿಗೆ, ರಷ್ಯಾದ ತ್ವೇರ್ ನಗರದ ವರ್ತಕ ಅಫನಾಸಿ ನಿಕಿತಿನ್ ನಮ್ಮ ಬೀದರಿನಲ್ಲಿದ್ದ. ದಾರಿಯಲ್ಲಿ ದರೋಡೆಯಾದಾಗ ಅವನ ಧರ್ಮಗ್ರಂಥಗಳೂ ಹೋಗಿದ್ದವು. ಪಾಸ್ಖ ಹಬ್ಬ ಯಾವ ದಿನವೆಂದು ತಿಳಿಯಲಾರದೆ, ಊಹೆಯಿಂದಲೇ ಉಪವಾಸ ಹಿಡಿದು ಅವನು ಪರಿತಪಿಸಿದ. ಊರು ಮುಟ್ಟುವ ಮೊದಲೇ ದಾರಿಯಲ್ಲಿ ತೀರಿಕೊಂಡ. ಅವನ ಬರಹ 1475ರಲ್ಲಿ ವರ್ತಕರ ಕೈಯಿಂದ ಮಾಸ್ಕೋ ಸೇರಿತು. ಬೀದರಿನಲ್ಲಿ ಆ ರಷ್ಯನ್ ಅನುಭವಿಸಿದ ಹಸಿವನ್ನೇ ಮಾಸ್ಕೋದಲ್ಲಿ ಈ ಸ್ಕಾಟ್ ಅನುಭವಿಸಿದ. ಪರದೇಶಿಯ ನೋವಿಗೆ ಭಾಷೆಯ ಭೇದವಿಲ್ಲ.

ಗೋಡೆಗಳು ಏನಾದವು? ಬಿಳಿ ಪಟ್ಟಣದ ಗೋಡೆಯನ್ನು 18ನೇ ಶತಮಾನದಲ್ಲಿ ಕೆಡವಿದರು; ಅಲ್ಲಿ ಈಗ ಮರಗಳ ಸಾಲಿನ ಬುಲೆವಾರ್ಡ್ ವರ್ತುಲ. ಮಣ್ಣಿನ ದಿಬ್ಬ ಉದ್ಯಾನ ವರ್ತುಲವಾಯಿತು. ಕಿತಾಯ್-ಗೋರೊದ್‌ನ ಗೋಡೆಯ ಬಹುಭಾಗ 1930ರ ದಶಕದಲ್ಲಿ ನೆಲಕ್ಕುರುಳಿತು. 1960ರಲ್ಲಿ ನಗರದ ಎಲ್ಲೆ 109 ಕಿಲೋಮೀಟರ್ ಉದ್ದದ ಹೊರವರ್ತುಲ ರಸ್ತೆಯವರೆಗೆ ಚಾಚಿ ಕುಂತ್ಸೆವೊ, ಪೆರೊವೊ, ತುಶಿನೊ ಮುಂತಾದ ಪಟ್ಟಣಗಳನ್ನೇ ಒಳಗೆಳೆದುಕೊಂಡಿತು. 2012ರಲ್ಲಿ ಇನ್ನೂ ಹಿಗ್ಗಿ, ವಿಸ್ತೀರ್ಣ ಎರಡು ಪಟ್ಟಿಗೂ ಮೀರಿತು. ನಿನ್ನೆಯ ಹೊರವಲಯ ಇಂದಿನ ನಡುಮನೆ.

ಹೆಸರುಗಳಿಗೂ ಪರೀಕ್ಷೆ ಬಂತು. ಉಕ್ರೇನಿನವರ ನೆನಪನ್ನು ಹೊತ್ತ ಮರೊಸೇಯ್ಕಾ ಬೀದಿ 1954ರಲ್ಲಿ ಬೇರೆ ಹೆಸರು ಪಡೆದು 1990ರಲ್ಲಿ ಹಳೆಯದಕ್ಕೆ ಮರಳಿತು. ನೇಮೆತ್ಸ್ಕಯ ಬೀದಿ ಮರಳಲಿಲ್ಲ. ಅದು ಇಂದಿಗೂ ಕ್ರಾಂತಿಕಾರಿ ಬೌಮನ್ ಹೆಸರಿನಲ್ಲಿದೆ. ಆದರೆ ಲೆಫೋರ್ಟನ ಹೆಸರು ಲೆಫೋರ್ತೊವೊ ಬಡಾವಣೆಯಲ್ಲಿ ಉಳಿದಿದೆ.

ಕೊನೆಯದಾಗಿ, ಮಲಯ ಗ್ರುಜಿನ್ಸ್ಕಯ ಬೀದಿಗೆ ಬನ್ನಿ. 1720ರ ದಶಕದಲ್ಲಿ ರಾಜ್ಯ ಕಳೆದುಕೊಂಡು ಆಶ್ರಯ ಬೇಡಿ ಬಂದ ಜಾರ್ಜಿಯದ ಅರಸ ಆರನೇ ವಖ್ತಾಂಗನ ಪರಿವಾರ ನೆಲೆಸಿದ ಕೇರಿ ಇದು. ಇದೇ ಬೀದಿಯಲ್ಲಿ, ಹೆಚ್ಚಾಗಿ ಪೋಲಿಷ್ ಜನರ ಕಾಣಿಕೆಯಿಂದ, 1901ರಿಂದ 1911ರವರೆಗೆ ಅಮಲೋದ್ಭವ ಮಾತೆಯ ಕಥೋಲಿಕ ದೇವಾಲಯ ಎದ್ದಿತು. 1938ರಲ್ಲಿ ಅದನ್ನು ಮುಚ್ಚಿ, ಒಳಗೆ ಮಹಡಿಗಳನ್ನು ಹಾಕಿ ಬೇರೆ ಕೆಲಸಗಳಿಗೆ ಬಳಸಿದರು. 1990ರ ಡಿಸೆಂಬರ್ 8ರಂದು, ಮಾತೆಯ ಹಬ್ಬದ ದಿನ, ಬಾಗಿಲ ಹೊರಗಿನ ಮೆಟ್ಟಿಲುಗಳ ಮೇಲೆಯೇ ಬಲಿಪೂಜೆ ಅರ್ಪಿಸಲಾಯಿತು. 1999ರ ಡಿಸೆಂಬರ್ 12ರಂದು ಪುನಃ ಪವಿತ್ರೀಕರಣಗೊಂಡು ಅದು ಈಗ ಮಾಸ್ಕೋದ ಪ್ರಧಾನಾಲಯವಾಗಿದೆ. ಒಬ್ಬ ಪರದೇಶಿಗೆ ಕೊಟ್ಟ ನೆಲದಲ್ಲಿ ಇನ್ನೊಬ್ಬ ಪರದೇಶಿಯ ಪ್ರಾರ್ಥನೆ ಬೇರುಬಿಟ್ಟಿತು.

ಪ್ರಿಯ ಓದುಗರೇ, ನಮ್ಮ ಪ್ರಭು ಪ್ರಾಣ ಕೊಟ್ಟದ್ದು ಪಟ್ಟಣದ ದ್ವಾರದ ಹೊರಗೆ ಎಂಬುದನ್ನು ನಾವು ಬಲ್ಲೆವು. ಕೆಲಸ ಹುಡುಕಿ ಬಂದ ಯಾವುದೋ ಕುಟುಂಬ ಬರುವ ಭಾನುವಾರ ನಮ್ಮ ದೇವಾಲಯದ ಕೊನೆಯ ಸಾಲಿನಲ್ಲಿ ನಿಂತಿರಬಹುದು. ಅವರ ಭಾಷೆ ನಮಗೆ ತಿಳಿಯದಿರಬಹುದು. ಅವರನ್ನು ಮೂಗರೆಂದು ಎಣಿಸದಿರೋಣ. ಅವರ ಹೆಸರೇನೆಂದು ಕೇಳೋಣ. 1643ರ ಗುರುಗಳು ಮಾಡದೆ ಬಿಟ್ಟ ಕೆಲಸ ಅದು.